ಕೋಲಾರದ ದೂಳು, ಬಿಸಿಲು, ಕರೆಂಟು ಮತ್ತು ಲ್ಯಾಪ್‌ಟಾಪಿನ ಆಯಸ್ಸು

ಲ್ಯಾಪ್‌ಟಾಪ್ ಕೆಟ್ಟಿತು ಅಂದರೆ ಸುತ್ತಲಿನವರು ಮೊದಲು ಕೇಳುವುದು "ಕೆಳಗೆ ಬೀಳಿಸಿದ್ರಾ?" ಎಂದು. ಕೋಲಾರ ಸೀಮೆಯ ಯಾವುದಾದರೂ ರಿಪೇರಿ ಅಂಗಡಿಯಲ್ಲಿ ಅರ್ಧ ಗಂಟೆ ಕೂತು, ಮೇಜಿನ ಮೇಲೆ ಬಿಚ್ಚಿಟ್ಟ ಯಂತ್ರಗಳನ್ನು ನೋಡಿದರೆ ಬೇರೆಯೇ ಕಥೆ ಕಾಣುತ್ತದೆ. ಒಂದರ ಕೀಲು ಪ್ಲಾಸ್ಟಿಕ್ ಸಮೇತ ಕಿತ್ತುಬಂದಿದೆ. ಇನ್ನೊಂದರ ಬ್ಯಾಟರಿ ಊದಿಕೊಂಡು ಟಚ್‌ಪ್ಯಾಡನ್ನು ಮೇಲಕ್ಕೆ ಎತ್ತಿದೆ. ಮತ್ತೊಂದರ ಫ್ಯಾನಿನ ಹಿಂದೆ ಕೆಂಪು ದೂಳು ಕಂಬಳಿಯ ಹಾಗೆ ಗಟ್ಟಿಯಾಗಿದೆ. ಇವು ಒಂದು ದಿನದ ಅನಾಹುತಗಳಲ್ಲ, ತಿಂಗಳುಗಟ್ಟಲೆ ನಡೆದ ಸವೆತ. ನಾವು ದುಡ್ಡು ಸುರಿಯುವುದು ಮಾತ್ರ ಸ್ಕ್ರೀನ್ ಗಾರ್ಡ್, ಮೇಲೆ ಅಂಟಿಸುವ ಬಣ್ಣದ ಸ್ಟಿಕರು, ಕೀಬೋರ್ಡಿನ ರಬ್ಬರ್ ಹಾಳೆಗಳ ಮೇಲೆ, ಅಂದರೆ ಗೀರು ಬೀಳದಂತೆ ತಡೆಯುವ ಸಾಮಾನಿನ ಮೇಲೆ. ಗೀರು ಬಿದ್ದ ಲ್ಯಾಪ್‌ಟಾಪ್ ಕೆಲಸ ಮಾಡುತ್ತಲೇ ಇರುತ್ತದೆ. ಅದರ ಪ್ರಾಣ ತೆಗೆಯುವುದು ಈ ಊರುಗಳ ಬಿಸಿ, ದೂಳು, ನೆಟ್ಟಗಿಲ್ಲದ ಕರೆಂಟು ಮತ್ತು ದಿನಾ ಹೆಗಲಿಗೇರುವ ಬ್ಯಾಗು. ಇವಕ್ಕೆ ಬೇಕಾದ ಕಾಪು ಅಂಗಡಿಯ ಗಾಜಿನ ಕಪಾಟಿನಲ್ಲಿ ಸಿಗುವಂಥದ್ದಲ್ಲ, ಅದಕ್ಕೆ ಹೆಚ್ಚು ಖರ್ಚೂ ಇಲ್ಲ.

ಹದಿನೈದು ವರ್ಷದ ಹಿಂದೆ ಕೋಲಾರ ಜಿಲ್ಲೆಯ ತಾಲ್ಲೂಕುಗಳಲ್ಲಿ ಇಂಥ ಲೇಖನಕ್ಕೆ ಅರ್ಥವೇ ಇರುತ್ತಿರಲಿಲ್ಲವೇನೋ. ಈಗ ನರಸಾಪುರ, ವೇಮಗಲ್, ಮಾಲೂರಿನ ಕೈಗಾರಿಕಾ ಪ್ರದೇಶಗಳಿಗೆ ದಿನಾ ಸಾವಿರಾರು ಜನ ಹೋಗಿ ಬರುತ್ತಾರೆ. 2017ರಲ್ಲಿ ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಕೋಲಾರಕ್ಕೆ ಬಂತು. ಸರ್ಕಾರಿ ಪದವಿ ಕಾಲೇಜುಗಳ ಪ್ರಥಮ ವರ್ಷದ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರ 2019–20ನೇ ಸಾಲಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಉಚಿತ ಲ್ಯಾಪ್‌ಟಾಪ್ ಹಂಚಿತು. ಅದರ ಬೆನ್ನಿಗೇ ಕೊರೊನಾ ಬಂದು ಪಾಠವೆಲ್ಲ ಆನ್‌ಲೈನ್ ಆಯಿತು. ಆ ಲ್ಯಾಪ್‌ಟಾಪ್ ಬಹಳಷ್ಟು ಮನೆಗಳಿಗೆ ಬಂದ ಮೊದಲ ಕಂಪ್ಯೂಟರು. ಅಕ್ಕ ಡಿಗ್ರಿ ಮುಗಿಸಿದ ಮೇಲೆ ತಮ್ಮನ ಪಾಲಿಗೆ, ಆಮೇಲೆ ಅಪ್ಪನ ಪಹಣಿ, ಅರ್ಜಿಗಳ ಕೆಲಸಕ್ಕೆ. ಹೊಸದು ಕೊಳ್ಳುವ ಮಾತು ಸುಲಭವಲ್ಲದ ಮನೆಯಲ್ಲಿ ಅದು ಎರಡು ವರ್ಷ ಹೆಚ್ಚು ಬಾಳಿತೆಂದರೆ ಒಬ್ಬರ ಓದು ನಡೆಯಿತು ಎಂದೇ ಅರ್ಥ.

ಮೊದಲು ಕೀಲಿನ ಮಾತು. ಅಂಗಡಿಯವರು ಇದನ್ನು ಹಿಂಜ್ ಅನ್ನುತ್ತಾರೆ. ಪರದೆಯ ಮುಚ್ಚಳ ಎಷ್ಟು ಎತ್ತಿದರೆ ಅಷ್ಟಕ್ಕೇ ನಿಲ್ಲುತ್ತದಲ್ಲ, ಅದು ಒಳಗಿರುವ ಒಂದು ಉಕ್ಕಿನ ಕಡ್ಡಿ ಮತ್ತು ಅದರ ಸುತ್ತ ಬಿಗಿದ ವಾಷರ್‌ಗಳ ತಿಕ್ಕಾಟದಿಂದ. ಕೀಲಿನ ಲೋಹದ ಪಟ್ಟಿಯನ್ನು ತಳದ ಪ್ಲಾಸ್ಟಿಕ್ಕಿಗೆ ಸ್ಕ್ರೂಗಳು ಹಿಡಿದಿರುತ್ತವೆ. ಆ ಸ್ಕ್ರೂ ಕಚ್ಚುವುದು ಪ್ಲಾಸ್ಟಿಕ್ಕಿನ ಪುಟ್ಟ ಗೂಟದೊಳಗೆ ಕೂರಿಸಿದ ಹಿತ್ತಾಳೆಯ ಬಳೆಗೆ. ಅಗ್ಗದ ಮಾದರಿಗಳಲ್ಲಿ ಇಡೀ ಮುಚ್ಚಳದ ಭಾರ ಹೊರುವುದು ಕಡಲೆಬೇಳೆ ಗಾತ್ರದ ಈ ಗೂಟಗಳೇ. ದಿನ ಕಳೆದಂತೆ ಕಡ್ಡಿಯ ಗ್ರೀಸ್ ಒಣಗಿ ಕೀಲು ಬಿಗಿಯಾಗುತ್ತದೆ. ನಾವು ಒಂದೇ ಕೈಯಲ್ಲಿ, ಬಲಗಡೆ ಮೂಲೆ ಹಿಡಿದು ಎತ್ತುತ್ತೇವೆ. ಬಿಗಿಯಾದ ಕೀಲು ತಿರುಗುವ ಬದಲು ಗೂಟವನ್ನು ಮೀಟುತ್ತದೆ. ಒಂದು ದಿನ "ಟಕ್" ಎಂಬ ಸದ್ದು. ಕೀಲಿನ ಹತ್ತಿರ ಕೂದಲಿನಷ್ಟು ಬಿರುಕು, ಮುಚ್ಚಿದಾಗ ಅಂಚಿನಲ್ಲಿ ಉಗುರು ತೂರುವಷ್ಟು ಸಂದು.

ಆ ಸದ್ದು ಕೇಳಿದ ವಾರವೇ ಅಂಗಡಿಗೆ ಒಯ್ದರೆ ಕೆಲಸ ಚಿಕ್ಕದು. ಕೆಳಭಾಗ ಬಿಚ್ಚಿ, ಕೀಲಿನ ನಟ್ಟನ್ನು ಸ್ವಲ್ಪವೇ ಸಡಿಲಿಸಿ, ಬಿರುಕಿಗೆ ಎಪಾಕ್ಸಿ ತುಂಬಿ ಒಣಗಿಸುತ್ತಾರೆ. ಹೆಚ್ಚಿನವರು ಒಯ್ಯುವುದಿಲ್ಲ, "ಓಡ್ತಾ ಇದೆಯಲ್ಲ" ಎಂದು ತಿಂಗಳುಗಟ್ಟಲೆ ತಳ್ಳುತ್ತಾರೆ. ಆಗ ಹಿಡಿತ ತಪ್ಪಿದ ಕೀಲು ಪರದೆಯ ಕೆಳಮೂಲೆಯನ್ನು ಒತ್ತಿ ಸೀಳುತ್ತದೆ, ಇಲ್ಲವೇ ಕೀಲಿನ ಪಕ್ಕದಲ್ಲೇ ಹಾದುಹೋಗುವ ಡಿಸ್‌ಪ್ಲೇ ಕೇಬಲ್ಲನ್ನು ಕತ್ತರಿಸುತ್ತದೆ. ಕೆಲವು ನೂರು ರೂಪಾಯಿಯ ಕೆಲಸ ಹಲವು ಸಾವಿರಕ್ಕೆ ಏರುವುದು ಹೀಗೆ. ಮುಚ್ಚಳವನ್ನು ಎರಡೂ ಕೈಯಿಂದ, ಇಲ್ಲವಾದರೆ ಸರಿಯಾಗಿ ನಡುವೆ ಹಿಡಿದು ಎತ್ತಬೇಕು. ಪರದೆಯನ್ನು ಹಿಡಿದು ಇಡೀ ಲ್ಯಾಪ್‌ಟಾಪನ್ನು ಎತ್ತಿ ಒಯ್ಯಬಾರದು. ನನ್ನ ಪ್ರಕಾರ ಯಾವ ಪೌಚು, ಯಾವ ಕವರೂ ಈ ಎರಡು ಅಭ್ಯಾಸಗಳಷ್ಟು ಆಯಸ್ಸು ಉಳಿಸಲಾರದು.

ಕೀಬೋರ್ಡಿನ ರಬ್ಬರ್ ಹಾಳೆಯ ಬಗ್ಗೆಯೂ ಇಲ್ಲೇ ಹೇಳಬೇಕು. ಹೊಸ ಮಾದರಿಗಳಲ್ಲಿ ಮುಚ್ಚಿದಾಗ ಪರದೆಗೂ ಕೀಬೋರ್ಡಿನ ಕೀಗಳಿಗೂ ನಡುವೆ ಉಳಿಯುವ ಜಾಗ ತೀರಾ ಕಡಿಮೆ. ಹಾಳೆ ಹಾಗೇ ಬಿಟ್ಟು ಮುಚ್ಚಿದರೆ ಒತ್ತಡವೆಲ್ಲ ಪರದೆಯ ಮೇಲೆ. ಕ್ಯಾಮೆರಾಗೆ ಅಂಟಿಸುವ ಚಿಕ್ಕ ಮುಚ್ಚಳದಿಂದ ಪರದೆ ಸೀಳಬಹುದೆಂದು 2020ರಲ್ಲಿ ಆಪಲ್ ಕಂಪನಿಯೇ ಗ್ರಾಹಕರನ್ನು ಎಚ್ಚರಿಸಿತ್ತು. ಕೀಗಳ ಸಂದಿನಿಂದ ಗಾಳಿ ಎಳೆದುಕೊಳ್ಳುವ ಮಾದರಿಗಳಲ್ಲಂತೂ ಹಾಳೆ ಉಸಿರನ್ನೇ ಕಟ್ಟುತ್ತದೆ.

ಮಾರಿಕುಪ್ಪಂ, ಬಂಗಾರಪೇಟೆ ಕಡೆಯಿಂದ ಬೆಳಿಗ್ಗೆ ಬೆಂಗಳೂರಿಗೆ ಹೊರಡುವ ರೈಲು ಮಾಲೂರು ತಲುಪುವ ಹೊತ್ತಿಗೆ ನಿಲ್ಲಲೂ ಜಾಗ ಇರುವುದಿಲ್ಲ. ಬೆನ್ನಿನ ಬ್ಯಾಗಿಗೂ ಬಾಗಿಲ ಕಂಬಿಗೂ ನಡುವೆ ಹತ್ತು ಜನರ ಭಾರ ಬೀಳುತ್ತದೆ. ಈ ನೂಕುನುಗ್ಗಲಲ್ಲಿ ಲ್ಯಾಪ್‌ಟಾಪಿಗೆ ಶತ್ರುವಾಗುವುದು ಅದೇ ಬ್ಯಾಗಿನಲ್ಲಿರುವ ಚಾರ್ಜರು ಮತ್ತು ಊಟದ ಡಬ್ಬಿ. ಪರದೆಯ ಹಿಂಬದಿ ಬಹಳ ತೆಳು. ಚಾರ್ಜರಿನ ಗಟ್ಟಿ ಮೂಲೆ ಅಲ್ಲಿಗೆ ಒತ್ತಿದರೆ ಮೊದಲು ಬಿಳಿ ಚುಕ್ಕೆ, ಆಮೇಲೆ ಗೆರೆ. ಚಾರ್ಜರು ಹೊರಗಿನ ಜೇಬಿನಲ್ಲಿ ಇರಲಿ, ಡಬ್ಬಿಗೆ ಬೇರೆಯೇ ಕೈಚೀಲ ಇರಲಿ. ಬಸ್ಸಾರಿನ ಡಬ್ಬಿಯ ಮುಚ್ಚಳ ಎಷ್ಟೇ ಬಿಗಿ ಅನಿಸಿದರೂ ಲ್ಯಾಪ್‌ಟಾಪಿನ ಪಕ್ಕಕ್ಕೆ ಅದು ಬೇಡ. ಬ್ಯಾಗನ್ನು ಎದೆಯ ಕಡೆಗೆ ಹಾಕಿಕೊಂಡು, ಪರದೆಯ ಬದಿ ನಮ್ಮ ಮೈ ಕಡೆಗಿರುವಂತೆ ನಿಲ್ಲುವುದು ಒಳ್ಳೆಯದು.

ಮುಳಬಾಗಿಲಿನಿಂದ ಕೋಲಾರದ ಕಾಲೇಜಿಗೆ ಬಸ್ಸಿನಲ್ಲಿ ಬರುವ ಮಕ್ಕಳು ಬ್ಯಾಗನ್ನು ಕಾಲಕೆಳಗೆ ಇಡದೆ ತೊಡೆಯ ಮೇಲೆ ಇಟ್ಟುಕೊಂಡರೆ ಸಾಕು, ಅರ್ಧ ಕುಲುಕಾಟ ತಪ್ಪುತ್ತದೆ. ಸ್ಕೂಟರಿನ ಕಾಲಿಡುವ ಜಾಗ ಎಲ್ಲಕ್ಕಿಂತ ಕೆಟ್ಟದ್ದು. ಹಂಪು, ಗುಂಡಿಗಳ ಪೆಟ್ಟು ನೇರವಾಗಿ ಲ್ಯಾಪ್‌ಟಾಪಿನ ಅಂಚಿಗೇ ತಾಗುತ್ತದೆ. ಬ್ಯಾಗ್ ಕೊಳ್ಳುವಾಗ ಬಣ್ಣ, ಜಿಪ್ಪು ನೋಡುವ ಮುಂಚೆ ತಳಕ್ಕೆ ಕೈ ಹಾಕಿ ನೋಡಿ. ಲ್ಯಾಪ್‌ಟಾಪಿನ ಜೇಬು ಬ್ಯಾಗಿನ ತಳಕ್ಕೆ ತಾಗದೆ ಎರಡು ಬೆರಳು ಮೇಲಕ್ಕೆ ನಿಂತಿದ್ದರೆ ಅದು ಒಳ್ಳೆಯ ಬ್ಯಾಗು.

ಇನ್ನು ದೂಳು. ಮಾಲೂರು ಎಂದರೆ ಹೆಂಚು, ಇಟ್ಟಿಗೆ. ಟೇಕಲ್ ಸುತ್ತಮುತ್ತ ಕಲ್ಲಿನ ಕೆಲಸ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಗೆ ವರ್ಷಗಟ್ಟಲೆ ಇದೇ ಸೀಮೆಯಲ್ಲಿ ಮಣ್ಣು ಅಗೆದರು. ಈ ನುಣ್ಣನೆಯ ದೂಳನ್ನು ಫ್ಯಾನು ತಳದ ಕಿಂಡಿಯಿಂದ ಎಳೆದುಕೊಂಡು ತಾಮ್ರದ ಸಣ್ಣ ರೆಕ್ಕೆಗಳ ಸಂದಿಗೆ ತುಂಬುತ್ತದೆ. ಹೊರಹೋಗಬೇಕಾದ ಬಿಸಿ ಒಳಗೇ ತಿರುಗುತ್ತದೆ, ಪ್ರೊಸೆಸರ್ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, "ಲ್ಯಾಪ್‌ಟಾಪ್ ಸ್ಲೋ ಆಯ್ತು" ಎಂಬ ದೂರು ಶುರುವಾಗುತ್ತದೆ. ಎಷ್ಟೋ ಜನ ಆಗ ವೈರಸ್ ಎಂದುಕೊಂಡು ವಿಂಡೋಸ್ ಹೊಸದಾಗಿ ಹಾಕಿಸುತ್ತಾರೆ. ಬೇಕಾಗಿದ್ದದ್ದು ಕೆಳಭಾಗ ಬಿಚ್ಚಿ ಬ್ರಷ್ ಆಡಿಸುವುದು, ಒಣಗಿದ ಥರ್ಮಲ್ ಪೇಸ್ಟ್ ಬದಲಾಯಿಸುವುದು. ಮಾಲೂರಿನಂಥ ಊರಿನಲ್ಲಿ ವರ್ಷಕ್ಕೊಮ್ಮೆ ಈ ಕೆಲಸ ಮಾಡಿಸುವುದು ದುಂದಲ್ಲ. ಮನೆಯಲ್ಲೇ ಬ್ಲೋವರ್ ಹಿಡಿಯುವವರು ಫ್ಯಾನಿನ ರೆಕ್ಕೆಯನ್ನು ಕಡ್ಡಿಯಿಂದ ತಡೆದಿಟ್ಟುಕೊಳ್ಳಬೇಕು. ಗಾಳಿಯ ರಭಸಕ್ಕೆ ಅದು ಅಳತೆ ಮೀರಿ ತಿರುಗಿದರೆ ಬೇರಿಂಗ್ ಕೆಡುತ್ತದೆ.

ದೂಳು ಒರೆಸುವ ನೀರಿನಲ್ಲೂ ಇಲ್ಲಿನದೇ ಒಂದು ತೊಂದರೆ ಇದೆ. ಜಿಲ್ಲೆಯ ಎಷ್ಟೋ ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ. ಹಲವೆಡೆ ನೀರಿನಲ್ಲಿ ಫ್ಲೋರೈಡ್, ಲವಣ ವಿಪರೀತ. ಆ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಪರದೆ ಒರೆಸಿದರೆ ಒಣಗಿದ ಮೇಲೆ ಬಿಳಿ ಕಲೆ ಉಳಿಯುತ್ತದೆ, ತಿಕ್ಕಿದರೆ ಪರದೆಯ ಲೇಪ ಕೀಳುತ್ತದೆ. ಮನೆಯ ಯುಪಿಎಸ್‌ಗೆ ಹಾಕುವ ಬ್ಯಾಟರಿ ನೀರು ಇದಕ್ಕೆ ಹೇಳಿ ಮಾಡಿಸಿದ್ದು. ಒಂದೆರಡು ಹನಿ ಕನ್ನಡಕ ಒರೆಸುವಂಥ ಬಟ್ಟೆಗೆ ಹಾಕಿ, ಲ್ಯಾಪ್‌ಟಾಪ್ ಆಫ್ ಮಾಡಿ ಒರೆಸಿದರೆ ಆಯಿತು. ಕಾಲಿನ್, ಸ್ಯಾನಿಟೈಸರ್ ಬೇಡವೇ ಬೇಡ.

ಬಿಸಿಲಿನ ಮಾತಿಗೆ ಬಂದರೆ, ಹೆಚ್ಚಿನ ಲ್ಯಾಪ್‌ಟಾಪ್‌ಗಳ ಕೈಪಿಡಿ ಕೆಲಸ ಮಾಡುವ ಉಷ್ಣತೆಯ ಮಿತಿಯನ್ನು 35 ಡಿಗ್ರಿ ಎಂದು ಬರೆದಿರುತ್ತದೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಮುಳಬಾಗಿಲಿನ ಒಂದು ಶೀಟ್ ಮನೆಯೊಳಗೆ ಆ ಗೆರೆ ದಾಟಲು ಎಷ್ಟು ಹೊತ್ತು? ಶ್ರೀನಿವಾಸಪುರದಲ್ಲಿ ಮಾವಿನ ಸುಗ್ಗಿ ಇರುವ ಮೇ, ಜೂನ್ ತಿಂಗಳಲ್ಲಿ ತಗಡಿನ ಚಾವಣಿ ಕೆಳಗೆ ಲೆಕ್ಕ ಬರೆಯುವವರ ಲ್ಯಾಪ್‌ಟಾಪ್ ಬೆಳಗಿನಿಂದ ಸಂಜೆಯವರೆಗೆ ಚಾರ್ಜರಿಗೆ ಸಿಕ್ಕಿಸಿದಂತೆಯೇ ಇರುತ್ತದೆ. ಲಿಥಿಯಂ ಬ್ಯಾಟರಿಗೆ ಎರಡು ಸಂಗತಿ ಒಟ್ಟಿಗೆ ಆಗಿಬರುವುದಿಲ್ಲ: ನೂರಕ್ಕೆ ನೂರು ಚಾರ್ಜು ಮತ್ತು ಬಿಸಿ. ಎರಡೂ ಕೂಡಿದರೆ ಒಳಗಿನ ದ್ರವ ಒಡೆದು ಅನಿಲ ಹುಟ್ಟುತ್ತದೆ, ಅದೇ ಬ್ಯಾಟರಿ ಊದುವುದು. ಈಗಿನ ಬಹುತೇಕ ಕಂಪನಿಗಳ ಲ್ಯಾಪ್‌ಟಾಪಿನಲ್ಲಿ ಚಾರ್ಜು ಶೇ. 80ಕ್ಕೆ ನಿಲ್ಲುವಂತೆ ಮಾಡುವ ಒಂದು ಸೆಟ್ಟಿಂಗ್ ಇರುತ್ತದೆ. ಸದಾ ಮೇಜಿನ ಮೇಲೇ ಇರುವ ಯಂತ್ರಕ್ಕೆ ಅದನ್ನು ಇವತ್ತೇ ಹಾಕಿಡಿ. ಹಾಸಿಗೆ, ದಿಂಬಿನ ಮೇಲಿಟ್ಟರೆ ತಳದ ಕಿಂಡಿ ಮುಚ್ಚುತ್ತದೆ. ರಟ್ಟಿನ ಹಲಗೆಯೋ ಪರೀಕ್ಷೆಗೆ ಒಯ್ಯುವ ಪ್ಯಾಡೋ ಕೆಳಗಿದ್ದರೆ ಸಾಕು, ಫ್ಯಾನಿರುವ ದುಬಾರಿ ಸ್ಟ್ಯಾಂಡಿನ ಅಗತ್ಯ ಹೆಚ್ಚಿನವರಿಗಿಲ್ಲ.

ಟಚ್‌ಪ್ಯಾಡ್ ಉಬ್ಬಿದೆ, ಒತ್ತಿದರೆ ಕ್ಲಿಕ್ ಆಗುತ್ತಿಲ್ಲ, ಮೇಜಿನ ಮೇಲೆ ಲ್ಯಾಪ್‌ಟಾಪ್ ಅಲುಗುತ್ತಿದೆ ಎಂದರೆ ಅದು ಊದಿದ ಬ್ಯಾಟರಿಯ ಗುರುತು. ಆ ಕ್ಷಣವೇ ಚಾರ್ಜರು ತೆಗೆದು ಆಫ್ ಮಾಡಿ. ಒತ್ತಿ ಕೂರಿಸಲು, ಪಿನ್ನು ಚುಚ್ಚಿ ಗಾಳಿ ಬಿಡಲು ಹೋದರೆ ಬೆಂಕಿ ಹೊತ್ತಿಕೊಳ್ಳಬಹುದು. ತೆಗೆದ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿ ವಾಪಸು ಪಡೆಯುವ ಹೊಣೆ ತಯಾರಕರದು.

ಕರೆಂಟಿನ ವಿಷಯವನ್ನು ಯಾರೂ ಲ್ಯಾಪ್‌ಟಾಪಿನ ಜತೆ ಸೇರಿಸಿ ಯೋಚಿಸುವುದಿಲ್ಲ. ಅದಕ್ಕೇ ಸ್ವಲ್ಪ ಹೆಚ್ಚು ಹೇಳಬೇಕಾಗಿದೆ. ಚಾರ್ಜಿಗೆ ಹಾಕಿದಾಗ ಲೋಹದ ಮೈಯ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ ಎನ್ನುವುದು ಬಹಳ ಮನೆಗಳಲ್ಲಿ ಮಾಮೂಲು. ಚಾರ್ಜರಿನೊಳಗೆ ಕರೆಂಟಿನ ಗದ್ದಲ (ನಾಯ್ಸ್) ಸೋಸಲು ಇಟ್ಟ ಸಣ್ಣ ಕೆಪಾಸಿಟರ್‌ಗಳಿಂದ ಅತ್ಯಲ್ಪ ಕರೆಂಟು ಯಾವಾಗಲೂ ಸೋರುತ್ತದೆ. ಮೂರನೇ ಪಿನ್ನಿಗೆ ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಹೋಗುತ್ತದೆ. ಇಲ್ಲದಿದ್ದರೆ ನಮ್ಮ ಬೆರಳಿನ ಮೂಲಕ. ಎರಡೇ ಪಿನ್ನಿನ ಚಾರ್ಜರಾದರೆ ಜುಮ್ಮೆನ್ನುವುದು ಅದರ ಸ್ವಭಾವ. ಮೂರು ಪಿನ್ನಿದ್ದೂ ಜುಮ್ಮೆಂದರೆ ಅರ್ಥಿಂಗ್ ಕೆಲಸ ಮಾಡುತ್ತಿಲ್ಲವೆಂದು ಅನುಮಾನಿಸಬೇಕು. ಸಾಮಾನ್ಯವಾಗಿ ಆ ಜುಮ್ಮಿನಿಂದ ಜೀವಕ್ಕೆ ಅಪಾಯವಿಲ್ಲ. ಕರೆಂಟು ಹೋಗಿ ಒಮ್ಮೆಲೇ ಜೋರಾಗಿ ಬಂದಾಗ ಮಾತ್ರ ಆ ಹೆಚ್ಚುವರಿ ಶಕ್ತಿಗೆ ಹೋಗಲು ನೆಲದ ದಾರಿ ಇಲ್ಲ, ಅದು ಬೋರ್ಡಿನೊಳಗೇ ದಾರಿ ಹುಡುಕುತ್ತದೆ.

ಕೋಲಾರದಲ್ಲಿ ಇದು ಹೆಚ್ಚು ಕಾಡಲು ಕಾರಣ ನಮ್ಮ ಕಾಲಕೆಳಗೇ ಇದೆ. ಅರ್ಥಿಂಗ್ ಗುಂಡಿ ಕೆಲಸ ಮಾಡುವುದು ಮಣ್ಣಿನ ತೇವದಿಂದ. ಇಲ್ಲಿ ಮೇಲೆ ಒಣ ಕೆಂಪುಮಣ್ಣು, ಕೆಳಗೆ ಬಂಡೆ. ಮನೆ ಕಟ್ಟಿದಾಗ ಇದ್ದಿಲು, ಉಪ್ಪು ಹಾಕಿ ಹೂತ ಗುಂಡಿಯನ್ನು ಮತ್ತೆ ಯಾರೂ ನೋಡಿರುವುದಿಲ್ಲ. ಬೇಸಿಗೆಯಲ್ಲಿ ಅದು ಪೂರ್ತಿ ಒಣಗುತ್ತದೆ. ಜುಮ್ಮೆನ್ನುವುದು ಬೇಸಿಗೆಯಲ್ಲಿ ಜಾಸ್ತಿಯಾದರೆ ಮೊದಲು ಅನುಮಾನಿಸಬೇಕಾದದ್ದು ಈ ಗುಂಡಿಯನ್ನು. ಅರ್ಥಿಂಗ್‌ಗೆ ಐಎಸ್ 3043 ಎಂಬ ರಾಷ್ಟ್ರೀಯ ಮಾನಕವೇ ಇದೆ. ಮನೆಯವರು ಮಾಡಬೇಕಾದದ್ದು ಇಷ್ಟು: ಮಾರ್ಚ್‌ನಿಂದ ವಾರಕ್ಕೊಂದೆರಡು ಸಲ ಗುಂಡಿಗೆ ಒಂದು ಬಿಂದಿಗೆ ನೀರು ಹಾಕುವುದು, ತಿಳಿದ ಎಲೆಕ್ಟ್ರಿಷಿಯನ್ ಒಬ್ಬರಿಂದ ಮೀಟರ್ ಇಟ್ಟು ಫೇಸ್‌ಗೂ ಅರ್ಥ್‌ಗೂ ನಡುವೆ ಎಷ್ಟು ವೋಲ್ಟ್ ಬರುತ್ತದೆಂದು ನೋಡಿಸುವುದು. ಟೆಸ್ಟರ್ ದೀಪ ಹತ್ತಿತೆಂದರೆ ಅರ್ಥಿಂಗ್ ಇದೆ ಎಂದಲ್ಲ. ಮೂರನೇ ತೂತಿಗೆ ಒಳಗೆ ವೈರೇ ಇಲ್ಲದ ಅಗ್ಗದ ಎಕ್ಸ್‌ಟೆನ್ಷನ್ ಬಾಕ್ಸ್‌ಗಳೂ ಮಾರುಕಟ್ಟೆಯಲ್ಲಿವೆ, ಅವನ್ನೂ ಇದೇ ಮೀಟರ್ ಹಿಡಿದುಕೊಡುತ್ತದೆ.

ಅಶ್ವಿನಿ, ಭರಣಿ ಮಳೆಗಳ ಗುಡುಗು ಸಿಡಿಲಿಗೆ ಯಾವ ಸ್ಪೈಕ್ ಗಾರ್ಡೂ ಉತ್ತರವಲ್ಲ. ಮೋಡ ಕಟ್ಟಿದಾಗಲೇ ಚಾರ್ಜರನ್ನು ಕಿತ್ತಿಡಬೇಕು. ಇಂಟರ್‌ನೆಟ್ಟಿನ ತಾಮ್ರದ ಕೇಬಲ್ ಕಂಬದಿಂದ ನೇರ ಮನೆಗೆ ಬಂದಿದ್ದರೆ ಅದನ್ನೂ ಲ್ಯಾಪ್‌ಟಾಪಿನಿಂದ ತೆಗೆಯಬೇಕು. ಸಿಡಿಲು ಕರೆಂಟಿನ ತಂತಿಯಲ್ಲಿ ಮಾತ್ರ ಬರುತ್ತದೆಂಬ ನಂಬಿಕೆಯಿಂದ ಎಷ್ಟೋ ರೂಟರ್‌ಗಳು ಸುಟ್ಟಿವೆ.

ಚಹಾ ಚೆಲ್ಲಿದರೆ? ಮೊದಲ ಹತ್ತು ಸೆಕೆಂಡಿನಲ್ಲಿ ಮಾಡಿದ್ದೇ ಮುಖ್ಯ. ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ, ಚಾರ್ಜರ್ ತೆಗೆದು, ಲ್ಯಾಪ್‌ಟಾಪನ್ನು ಅಗಲವಾಗಿ ತೆರೆದು ಕೀಬೋರ್ಡು ಕೆಳಮುಖವಾಗುವಂತೆ ಟವೆಲಿನ ಮೇಲೆ ಬೋರಲು ನಿಲ್ಲಿಸಿ. ಅಕ್ಕಿ ಮೂಟೆಯಲ್ಲಿ ಹೂತಿಡುವುದರಿಂದ ಕಿಂಡಿಯೊಳಗೆ ತೌಡು ಸೇರುತ್ತದೆ, ಬೇರೇನೂ ಆಗುವುದಿಲ್ಲ. ಹಾಲು, ಸಕ್ಕರೆ ಒಣಗಿ ಅಂಟಾಗಿ ತಾಮ್ರವನ್ನು ತಿನ್ನುತ್ತವೆ. ಒಣಗಿದ ಮೇಲೆ ಆನ್ ಆಯಿತೆಂದು ಸಮಾಧಾನಪಟ್ಟವರು ಮೂರು ವಾರದ ನಂತರ ಅಂಗಡಿಗೆ ಬರುತ್ತಾರೆ. ಅಷ್ಟರಲ್ಲಿ ಬೋರ್ಡಿನ ಮೇಲೆ ಹಸಿರು ಕಿಲುಬು. ಆನ್ ಮಾಡಿ ನೋಡುವ ಆಸೆ ತಡೆದು, ಅದೇ ದಿನ ಬಿಚ್ಚಿಸಿ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆಸುವುದೊಂದೇ ದಾರಿ.

ಹಾಗಾದರೆ ಬೀಳುವುದು ತೊಂದರೆಯೇ ಅಲ್ಲವೆ? ತೊಂದರೆಯೇ, ಅದರಲ್ಲೂ ಹಳೆಯ ಹಾರ್ಡ್‌ಡಿಸ್ಕ್ ಇರುವ ಯಂತ್ರಗಳಿಗೆ. ಅದರೊಳಗೆ ತಿರುಗುವ ತಟ್ಟೆಗೂ ಓದುವ ತಲೆಗೂ ನಡುವಿನ ಅಂತರ ಕೆಲವೇ ನ್ಯಾನೊಮೀಟರ್. ಆನ್ ಇರುವಾಗ ಮೇಜಿನಿಂದ ಜಾರಿದರೆ ತಲೆ ತಟ್ಟೆಗೆ ಉಜ್ಜಿ ಫೋಟೊ, ಪ್ರಾಜೆಕ್ಟ್ ಎಲ್ಲ ಹೋಗುತ್ತದೆ. ಎಸ್‌ಎಸ್‌ಡಿ ಹಾಕಿಸಿದರೆ ಈ ಭಯ ಹೋಗುತ್ತದೆ, ವೇಗವೂ ಬರುತ್ತದೆ. ಹಳೆಯ ಲ್ಯಾಪ್‌ಟಾಪಿಗೆ ದುಡ್ಡು ಹಾಕುವುದಾದರೆ ಮೊದಲು ಇದಕ್ಕೆ. ಬದಲಾಯಿಸುವಾಗ ಮೈಯ ಸ್ಥಿರ ವಿದ್ಯುತ್ ಚಿಪ್ಪಿಗೆ ಹರಿಯದಂತೆ ನೋಡಿಕೊಳ್ಳಬೇಕು. ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ದುಡಿಯುವವರು ಮಣಿಕಟ್ಟಿಗೆ ಪಟ್ಟಿ ಕಟ್ಟಿಕೊಳ್ಳುವುದೇ ಇದಕ್ಕೆ. ನರಸಾಪುರದ ಅಂಥ ಕಾರ್ಖಾನೆಗೆ ಕೆಲಸಕ್ಕೆ ಹೋಗುವ ಅಣ್ಣ, ಅಕ್ಕ ಮನೆಯಲ್ಲಿದ್ದರೆ ಅವರನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಜಾಹೀರಾತುಗಳಲ್ಲಿ ಕಾಣುವ "ಮಿಲಿಟರಿ ಗ್ರೇಡ್" ಎಂಬ ಮಾತನ್ನು ಪೂರ್ತಿ ನಂಬುವ ಅಗತ್ಯವಿಲ್ಲ. ಅದು ಅಮೆರಿಕದ ಸೇನೆಯ ಮಿಲ್-ಎಸ್‌ಟಿಡಿ-810 ಎಂಬ ಪರೀಕ್ಷಾ ಪದ್ಧತಿ. ಬೀಳಿಸುವ ಪರೀಕ್ಷೆಯಲ್ಲಿ 122 ಸೆಂಟಿಮೀಟರ್ ಎತ್ತರದಿಂದ 26 ಸಲ ಬೀಳಿಸುತ್ತಾರೆ, ಆದರೆ ಕಾಂಕ್ರೀಟಿನ ಮೇಲೆ ಹಾಸಿದ ಪ್ಲೈವುಡ್ಡಿನ ಮೇಲೆ. ಆ 26 ಪೆಟ್ಟನ್ನು ಐದು ಯಂತ್ರಗಳಿಗೆ ಹಂಚಲೂಬಹುದು. ಯಾವ ಪರೀಕ್ಷೆ ಮಾಡಿಸಬೇಕೆಂದು ಕಂಪನಿಯೇ ಆರಿಸಿಕೊಳ್ಳುತ್ತದೆ, ಮೇಲೆ ಮುದ್ರೆ ಹಾಕುವ ಸಂಸ್ಥೆ ಯಾವುದೂ ಇಲ್ಲ. ಮನೆಯ ಗ್ರಾನೈಟ್ ನೆಲ ಪ್ಲೈವುಡ್ ಅಲ್ಲ.

ನಮ್ಮಂಥ ಊರುಗಳನ್ನೇ ಕಣ್ಣಮುಂದಿಟ್ಟುಕೊಂಡು ಮಾಡಿದ ಲ್ಯಾಪ್‌ಟಾಪ್ ಒಂದಿತ್ತು. 2007ರಲ್ಲಿ ತಯಾರಾಗತೊಡಗಿದ, ಬಡದೇಶಗಳ ಮಕ್ಕಳಿಗಾಗಿ ರೂಪಿಸಿದ ಎಕ್ಸ್‌ಒ-1. ಅದಕ್ಕೆ ಫ್ಯಾನಿಲ್ಲ, ತಿರುಗುವ ಹಾರ್ಡ್‌ಡಿಸ್ಕ್ ಇಲ್ಲ. ಕೀಬೋರ್ಡಿಗೆ ದೂಳು ನೀರು ನುಗ್ಗದ ರಬ್ಬರಿನ ಹೊದಿಕೆ. ಕಿವಿಯಂತಿದ್ದ ಆಂಟೆನಾಗಳು ಮಡಚಿದಾಗ ಪಕ್ಕದ ಪೋರ್ಟುಗಳನ್ನು ಮುಚ್ಚುತ್ತಿದ್ದವು. ಆ ಯೋಜನೆ ಅಂದುಕೊಂಡಷ್ಟು ದೂರ ಹೋಗಲಿಲ್ಲ. ದೂಳಿಗೂ ಬಿಸಿಗೂ ಕುಗ್ಗದ ಯಂತ್ರ ಮಾಡಲು ಸಾಧ್ಯವೆಂದು ಅದು ತೋರಿಸಿತು. ಅದಾದ ಮೇಲೆ ಮಾರುಕಟ್ಟೆ ತೆಳುವಾಗುವ ಕಡೆಗೇ ಓಡಿತು, ಕೀಲಿನ ಗೂಟಗಳೂ ತೆಳುವಾದವು.

ಇಷ್ಟಾಗಿ ಕೆಟ್ಟರೆ ಗ್ರಾಹಕರಿಗೆ ಉಳಿಯುವ ದಾರಿ ಕಿರಿದು. ಮಾಮೂಲು ವಾರಂಟಿಯಲ್ಲಿ ಬಿದ್ದದ್ದು, ನೀರು ಬಿದ್ದದ್ದು ಸೇರುವುದಿಲ್ಲ, ಕೀಲು ಮುರಿದರೆ ಅದನ್ನೂ ಬಹಳ ಸಲ "ಫಿಸಿಕಲ್ ಡ್ಯಾಮೇಜ್" ಎಂದು ಬರೆದು ಕಳಿಸುತ್ತಾರೆ. ಮೊದಲ ಬಿರುಕು ಕಂಡ ದಿನವೇ ದಿನಾಂಕ ಸಹಿತ ಫೋಟೊ ತೆಗೆದು ಇಮೇಲ್‌ನಲ್ಲಿ ದೂರು ದಾಖಲಿಸಿದವರು ಮುಂದೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋದರೂ ಕೈಯಲ್ಲಿ ಪುರಾವೆ ಇರುತ್ತದೆ. ಬೋರ್ಡಿನ ಕೆಲಸವಿದ್ದರೆ ಯಂತ್ರ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋಗಿ ಬರಬೇಕು. ಪರೀಕ್ಷೆ ಹತ್ತಿರವಿರುವ ಹುಡುಗಿಗೆ ಆ ಒಂದೆರಡು ವಾರ ದೊಡ್ಡ ನಷ್ಟ.

ಕೇಂದ್ರ ಸರ್ಕಾರ 2022ರ ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಶುರು ಮಾಡಿತು. ಫ್ರಾನ್ಸ್ ಇನ್ನೂ ಮುಂದೆ ಹೋಗಿ, ಲ್ಯಾಪ್‌ಟಾಪ್ ಎಷ್ಟು ಸುಲಭವಾಗಿ ರಿಪೇರಿಯಾಗುತ್ತದೆಂದು ಹತ್ತಕ್ಕೆ ಅಂಕ ಕೊಟ್ಟು ಮಾರುವಾಗಲೇ ತೋರಿಸಬೇಕೆಂದು 2021ರಿಂದ ಕಡ್ಡಾಯ ಮಾಡಿತು. ಲಕ್ಷದ ಲೆಕ್ಕದಲ್ಲಿ ಲ್ಯಾಪ್‌ಟಾಪ್ ಕೊಂಡಿದ್ದ ಕರ್ನಾಟಕ ಸರ್ಕಾರಕ್ಕೆ ಕಾನೂನಿಗಾಗಿ ಕಾಯುವ ಅಗತ್ಯವೂ ಇಲ್ಲ. ಟೆಂಡರಿನಲ್ಲಿ ಪ್ರೊಸೆಸರ್, ರ‍್ಯಾಮ್ ಬರೆದ ಕಡೆಯೇ ಲೋಹಕ್ಕೆ ಕಚ್ಚಿದ ಕೀಲು, ನೀರು ಹರಿದುಹೋಗುವ ಕೀಬೋರ್ಡ್, ಐದು ವರ್ಷ ಬಿಡಿಭಾಗ ಮತ್ತು ತಾಲ್ಲೂಕು ಮಟ್ಟದಲ್ಲಿ ಬ್ಯಾಟರಿ ಬದಲಾವಣೆ ಎಂದು ಬರೆದರೆ ಕಂಪನಿಗಳು ಕೊಟ್ಟೇ ಕೊಡುತ್ತವೆ. ಅದಕ್ಕೆ ಮೊದಲು ಮಾಡಬಹುದಾದ ಕೆಲಸವೊಂದಿದೆ. ಜಿಲ್ಲೆಯ ಸರ್ಕಾರಿ ಕಾಲೇಜು ಮತ್ತು ವಿದ್ಯಾರ್ಥಿನಿಲಯಗಳ ಅರ್ಥಿಂಗ್ ಗುಂಡಿಗಳನ್ನು ಪ್ರತಿ ವರ್ಷ ಫೆಬ್ರುವರಿಯೊಳಗೆ ಅಳೆಸಿ, ಒಣಗಿದ್ದನ್ನು ಸರಿಪಡಿಸಬೇಕು. ಒಂದು ಕಟ್ಟಡಕ್ಕೆ ಒಬ್ಬ ಎಲೆಕ್ಟ್ರಿಷಿಯನ್, ಒಂದು ಮೀಟರ್, ಅರ್ಧ ದಿನ ಸಾಕು.